ಸತ್ಯದ ಕಂಚುಕ

ಭಾರತ ಪ್ರವಚನವು ದ್ರೋಣವಧೆಯ ಭಾಗಕ್ಕೆ ಬಂದ ದಿನ ಸಭೆಯಲ್ಲಿ ಯಾರಾದರೊಬ್ಬರು ಒಂದು ಪ್ರಶ್ನೆಯನ್ನು ಕೇಳದೆ ಇರುವುದಿಲ್ಲ. “ಧರ್ಮರಾಜನು ಹೇಳಿದ್ದರಲ್ಲಿ ಸುಳ್ಳು ಯಾವುದು? ಅಶ್ವತ್ಥಾಮನೆಂಬ ಆನೆ ಸತ್ತಿತ್ತು, ಸತ್ತಿತೆಂದು ಹೇಳಿದನು. ಅದು ಆನೆಯೆಂಬುದನ್ನೂ ಹೇಳಿದನು. ಹಾಗಿದ್ದ ಮೇಲೆ ಅವನ ರಥವು ನೆಲಕ್ಕೆ ಇಳಿದುದೇಕೆ?” ಪ್ರಶ್ನೆ ಕೇಳುವವರಲ್ಲಿ ಕುತರ್ಕವಿರುವುದಿಲ್ಲ. ಶಬ್ದಶಬ್ದವನ್ನೂ ಬಿಡಿಸಿ ನೋಡಿದರೆ ಆ ಮಾತಿನಲ್ಲಿ ಅಸತ್ಯವಾದ ಪದ ಒಂದೂ ಇಲ್ಲವೆಂಬುದು ನಿಜವೇ ಆಗಿದೆ. ಆದರೂ ಆ ಮಾತಿನಿಂದ ಒಬ್ಬ ವೃದ್ಧ ಗುರುವಿನ ಪ್ರಾಣ ಹೋಯಿತು. ಈ ಲೇಖನದಲ್ಲಿ ಆ ಪ್ರಶ್ನೆಯನ್ನೇ ಸ್ವಲ್ಪ ವಿಚಾರಿಸಬೇಕೆಂದು ಅಪೇಕ್ಷೆ.

ಮೊದಲು ಕಥೆಯನ್ನು ಮೂಲದಲ್ಲಿರುವಂತೆ ನೆನೆಯುವುದು ಒಳ್ಳೆಯದು. ಏಕೆಂದರೆ ನಾವು ಕೇಳಿ ಬೆಳೆದ ಕಥೆಗೂ ಮೂಲಕ್ಕೂ ಇಲ್ಲಿ ಅಂತರವಿದೆ. ಯುದ್ಧದ ೧೫ನೆಯ ದಿನ. ದ್ರೋಣಾಚಾರ್ಯರು ಸೇನಾಪತಿಯಾಗಿ ಐದನೆಯ ದಿನ. ಅವರ ಕೈಯಲ್ಲಿ ಧನುಸ್ಸು ಇರುವವರೆಗೆ ಅವರನ್ನು ಗೆಲ್ಲುವುದು ಯಾರಿಂದಲೂ ಸಾಧ್ಯವಿಲ್ಲವೆಂದೂ, ಮಗನು ಹತನಾದನೆಂದು ಕೇಳಿದರೆ ಮಾತ್ರ ಅವರು ಯುದ್ಧವನ್ನು ಬಿಟ್ಟಾರೆಂದೂ ಶ್ರೀಕೃಷ್ಣನು ಪಾಂಡವರಿಗೆ ತಿಳಿಸಿದನು. ಅರ್ಜುನನಿಗೆ ಇದು ರುಚಿಸಲಿಲ್ಲ. ಉಳಿದವರು ಒಪ್ಪಿದರು. ಯುಧಿಷ್ಠಿರನು ಬಹು ಕಷ್ಟದಿಂದ ಒಪ್ಪಿದನು. ಭೀಮಸೇನನು ತಮ್ಮ ಸೈನ್ಯದಲ್ಲಿಯೇ ಇದ್ದ, ಮಾಳವದ ಅರಸನಾದ ಇಂದ್ರವರ್ಮನ ಆನೆಯೊಂದನ್ನು ಗದೆಯಿಂದ ಕೊಂದನು. ಆ ಆನೆಯ ಹೆಸರು ಅಶ್ವತ್ಥಾಮ. ಬಳಿಕ ದ್ರೋಣರ ಬಳಿಗೆ ಹೋಗಿ, ಸ್ವಲ್ಪ ಲಜ್ಜೆಯಿಂದಲೇ, ಆದರೆ ಗಟ್ಟಿಯಾಗಿ, ಅಶ್ವತ್ಥಾಮನು ಹತನಾದನೆಂದು ಕೂಗಿದನು. ದ್ರೋಣರು ಒಂದು ಕ್ಷಣ ಕುಸಿದರೂ ಮಗನ ಪರಾಕ್ರಮವನ್ನು ನೆನೆದು ಆ ಮಾತನ್ನು ನಂಬದೆ ಹೋದರು.

ಅನಂತರವೇ ಅವರು ಯುಧಿಷ್ಠಿರನನ್ನು ಕೇಳಿದುದು. ಬಾಲ್ಯದಿಂದಲೂ ಸತ್ಯವನ್ನೇ ನುಡಿದವನು, ಮೂರು ಲೋಕಗಳ ಒಡೆತನಕ್ಕಾಗಿಯೂ ಸುಳ್ಳಾಡಲಾರನೆಂಬ ನಂಬಿಕೆ ಅವರಿಗೆ ಆ ಶಿಷ್ಯನಲ್ಲಿತ್ತು. ಆಚಾರ್ಯರು ಇನ್ನು ಅರ್ಧ ದಿವಸ ಹೀಗೆಯೇ ಯುದ್ಧಮಾಡಿದರೆ ಪಾಂಡವಸೇನೆ ಉಳಿಯದೆಂದು ಶ್ರೀಕೃಷ್ಣನು ಎಚ್ಚರಿಸಿದ್ದನು. ಅಸತ್ಯದ ಭಯದಲ್ಲಿ ಮುಳುಗಿ, ಆದರೆ ಜಯದಲ್ಲಿಯೂ ಆಸಕ್ತನಾಗಿ, ಯುಧಿಷ್ಠಿರನು ಮೊದಲಿನ ಭಾಗವನ್ನು ಸ್ಪಷ್ಟವಾಗಿಯೂ ‘ಕುಂಜರ’ವೆಂಬ ಪದವನ್ನು ಅವ್ಯಕ್ತವಾಗಿಯೂ ನುಡಿದನೆಂದು ಸಂಜಯನು ಹೇಳುತ್ತಾನೆ. ನೆಲದಿಂದ ನಾಲ್ಕು ಅಂಗುಲ ಮೇಲೆ ನಿಲ್ಲುತ್ತಿದ್ದ ಅವನ ರಥವು ಅದುವರೆಗಿನದು. ಆ ಮಾತಿನೊಡನೆ ಅದು ನೆಲವನ್ನು ಮುಟ್ಟಿತು.

ಹರಿಕಥೆಗಳಲ್ಲಿ ಈ ಹೊತ್ತಿಗೆ ಶ್ರೀಕೃಷ್ಣನು ಪಾಂಚಜನ್ಯವನ್ನು ಊದಿದನೆಂದೂ, ಆ ಧ್ವನಿಯಲ್ಲಿ ‘ಕುಂಜರ’ ಪದವು ಮುಚ್ಚಿಹೋಯಿತೆಂದೂ ವರ್ಣಿಸುವುದುಂಟು. ಕೇಳಲು ಸೊಗಸಾಗಿರುವುದು ದಿಟ. ಆದರೆ ಪುಣೆಯ ಭಂಡಾರಕರ ಪ್ರಾಚ್ಯವಿದ್ಯಾ ಸಂಸ್ಥೆಯು ೧೯೩೩ರಿಂದ ೧೯೬೬ರವರೆಗೆ ಪರಿಷ್ಕರಿಸಿ ಪ್ರಕಟಿಸಿದ ಪಾಠದಲ್ಲಿ ಅಲ್ಲಿ ಶಂಖವಿಲ್ಲ, ಭೇರಿಯೂ ಇಲ್ಲ. ಪದವನ್ನು ಅವ್ಯಕ್ತವಾಗಿಸಿದವನು ನುಡಿದವನೇ. ಶಂಖವನ್ನು ತಂದುದರಿಂದ ಧರ್ಮರಾಜನ ಹೊರೆಯನ್ನು ಇಳಿಸಿ ಪರಮಾತ್ಮನ ಮೇಲೆ ಹೊರಿಸಿದಂತಾಯಿತಲ್ಲದೆ ಬೇರೆ ಪ್ರಯೋಜನವಾಗಲಿಲ್ಲ.

ಈಗ ಪ್ರಶ್ನೆಗೆ ಬರೋಣ. ಮಾತಿನ ಸತ್ಯವು ಎಲ್ಲಿದೆ? ಆಡಿದ ಪದಗಳಲ್ಲಿದೆಯೋ, ಕೇಳಿದವನಲ್ಲಿ ಹುಟ್ಟುವ ಜ್ಞಾನದಲ್ಲಿದೆಯೋ?

ನಮ್ಮ ಸಿದ್ಧಾಂತದಲ್ಲಿ ಪ್ರಮಾಣವೆಂದರೆ ಯಥಾರ್ಥವಾದುದು, ಅಂದರೆ ವಿಷಯವು ಹೇಗಿದೆಯೋ ಹಾಗೆಯೇ ಅದನ್ನು ತೋರಿಸುವಂತಹುದು. ಶ್ರೀಮದಾಚಾರ್ಯರು (೧೨೩೮–೧೩೧೭) ಪ್ರಮಾಣಲಕ್ಷಣದಲ್ಲಿ ನಿರೂಪಿಸಿದ ಈ ವಿಷಯವನ್ನು ೧೪ನೆಯ ಶತಮಾನದ ಶ್ರೀ ಜಯತೀರ್ಥರು ಪ್ರಮಾಣಪದ್ಧತಿಯಲ್ಲಿ ವಿಸ್ತರಿಸಿದ್ದಾರೆ. ಅಲ್ಲಿ ನಿರ್ದೋಷವಾದ ಶಬ್ದವೇ ಆಗಮವೆಂದು ಹೇಳಿ, ಶಬ್ದಕ್ಕೆ ಬರಬಹುದಾದ ದೋಷಗಳನ್ನು ಎಣಿಸಿದ್ದಾರೆ. ಅವುಗಳಲ್ಲಿ ಮೊದಲನೆಯದು ಅಬೋಧಕತ್ವ, ಏನನ್ನೂ ತಿಳಿಸದೆ ಇರುವುದು. ಎರಡನೆಯದು ವಿಪರೀತಬೋಧಕತ್ವ, ಇರುವುದಕ್ಕೆ ವಿರುದ್ಧವಾಗಿ ತಿಳಿಸುವುದು. ಪಾಠಶಾಲೆಯಲ್ಲಿ ಈ ಪಟ್ಟಿಯನ್ನು ನಾವು ಬಾಯಿಪಾಠ ಮಾಡಿದ್ದೇವೆಯೇ ಹೊರತು, ಇದು ಬೀದಿಯ ಮಾತಿಗೂ ಅನ್ವಯಿಸುವುದೆಂದು ಆಗ ತೋಚಿರಲಿಲ್ಲ. ಗಮನಿಸಬೇಕಾದುದೇನೆಂದರೆ ಎರಡು ದೋಷಗಳ ಹೆಸರಿನಲ್ಲಿಯೂ ‘ಬೋಧ’ವಿದೆ. ಶಬ್ದವನ್ನು ಅಳೆಯುವ ಕೋಲು ಕೇಳುವವನ ಬೋಧವೇ ಆಗಿದೆ.

ಈ ಕೋಲಿನಿಂದ ಧರ್ಮರಾಜನ ಮಾತನ್ನು ಅಳೆದು ನೋಡಿದರೆ ಆಶ್ಚರ್ಯವಾಗುತ್ತದೆ. ಗಟ್ಟಿಯಾಗಿ ಹೇಳಿದ ಭಾಗವು ಮಗನು ಸತ್ತನೆಂಬ ಜ್ಞಾನವನ್ನು ಹುಟ್ಟಿಸಿತು, ಅದು ವಿಪರೀತಬೋಧಕ. ಮೆಲ್ಲಗೆ ಹೇಳಿದ ಭಾಗವು ಯಾವ ಜ್ಞಾನವನ್ನೂ ಹುಟ್ಟಿಸಲಿಲ್ಲ, ಅದು ಅಬೋಧಕ. ಒಂದೇ ವಾಕ್ಯದಲ್ಲಿ ಎರಡು ದೋಷಗಳು! ವಾಕ್ಯಾರ್ಥವಾಗಬೇಕಾದರೆ ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಮೂರೂ ಇರಬೇಕೆಂದು ಶಾಸ್ತ್ರವು ಹೇಳುತ್ತದೆ. ಕಿವಿಗೆ ಬೀಳದ ಪದಕ್ಕೆ ಸನ್ನಿಧಿಯೆಲ್ಲಿ? ಆದುದರಿಂದ ‘ಕುಂಜರ’ ಪದವು ಆ ವಾಕ್ಯದ ಅಂಗವಾಗಲೇ ಇಲ್ಲ. ಅದು ನುಡಿದವನ ಮನಸ್ಸಮಾಧಾನಕ್ಕೆ ನುಡಿದ ಪದ.

ಇದು ನಮ್ಮ ಸಂಪ್ರದಾಯದವರು ಮಾತ್ರ ಹೇಳುವ ಮಾತಲ್ಲ. ಯೋಗಸೂತ್ರಗಳ ವ್ಯಾಸಭಾಷ್ಯವು ಸತ್ಯವೆಂಬ ಯಮವನ್ನು ವಿವರಿಸುವಾಗ, ಮಾತು ಇರುವುದೇ ನಮ್ಮ ತಿಳಿವಳಿಕೆಯನ್ನು ಇನ್ನೊಬ್ಬರಿಗೆ ದಾಟಿಸುವುದಕ್ಕಾಗಿ ಎನ್ನುತ್ತದೆ. ಅದು ವಂಚಿಸಬಾರದು, ಭ್ರಾಂತವಾಗಿರಬಾರದು, ತಿಳಿವನ್ನು ಹಡೆಯದ ಬಂಜೆಯೂ ಆಗಿರಬಾರದು. ಇದಕ್ಕೆ ಟೀಕೆ ಬರೆದ ವಾಚಸ್ಪತಿಮಿಶ್ರರು ವಂಚಿಸುವ ಮಾತಿಗೆ ಉದಾಹರಣೆ ಕೊಡುವಾಗ ಬೇರೆ ಎಲ್ಲಿಗೂ ಹೋಗಲಿಲ್ಲ. ದ್ರೋಣರಿಗೆ ಯುಧಿಷ್ಠಿರನು ಕೊಟ್ಟ ಉತ್ತರವನ್ನೇ ತೆಗೆದುಕೊಂಡರು. ಆನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳಿದನು. ಅವನಲ್ಲಿದ್ದ ಆನೆಯ ಜ್ಞಾನವು ದ್ರೋಣರಿಗೆ ದಾಟಲಿಲ್ಲ, ಬೇರೊಂದು ಜ್ಞಾನವು ಅವರಲ್ಲಿ ಹುಟ್ಟಿತು. ಅಲ್ಲಿ ದ್ರೋಣರು ಯುಧಿಷ್ಠಿರನನ್ನು ‘ಸತ್ಯಧನ’ ಎಂದು ಸಂಬೋಧಿಸಿ ಪ್ರಶ್ನಿಸುತ್ತಾರೆ. ಈ ಸಂಬೋಧನೆ ಹುರುಳುಳ್ಳದ್ದು. ಅದೇ ಮಾತನ್ನು, ಅದೇ ಆನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಭೀಮಸೇನನು ಹೇಳಿದಾಗ ದ್ರೋಣರು ನಂಬಲಿಲ್ಲ. ನಂಬಿಸುವ ಬಲ ಮಾತಿನಲ್ಲಿರಲಿಲ್ಲ. ಯುಧಿಷ್ಠಿರನು ಒಂದು ಆಯುಷ್ಯದುದ್ದಕ್ಕೂ ಕೂಡಿಟ್ಟ ಸತ್ಯವೆಂಬ ಧನದಲ್ಲಿತ್ತು. ಆ ಧನವನ್ನು ಅವನು ಅಂದು ಒಂದೇ ಮಾತಿನಲ್ಲಿ ವ್ಯಯಮಾಡಿದನು.

ಇದನ್ನು ಮೊದಲು ಕಂಡವನು ಅರ್ಜುನ. ಗುರುವು ಹತನಾದ ಮೇಲೆ ಅವನು ಅಣ್ಣನನ್ನು ಎದುರಿಗೇ ನಿಂದಿಸುತ್ತಾನೆ: ಶಿಷ್ಯನು, ಧರ್ಮಜ್ಞನು, ಸುಳ್ಳಾಡನೆಂದು ಗುರುವು ನಿನ್ನನ್ನು ನಂಬಿದರು, ನೀನು ಸತ್ಯದ ಕಂಚುಕವನ್ನು ತೊಟ್ಟು ಅಸತ್ಯವನ್ನು ನುಡಿದೆ. ಕಂಚುಕವೆಂದರೆ ಅಂಗಿ, ಹೊದಿಕೆ. ಇಂದು ನಾವು ‘ಅರ್ಧಸತ್ಯ’ ಎನ್ನುತ್ತೇವೆ. ಅರ್ಧವೆಂದರೆ ಏನೋ ಪಾಲು ಒಳ್ಳೆಯದೇ ಇದೆಯೆಂಬ ಭಾವ ಬರುತ್ತದೆ. ಅರ್ಜುನನ ಪದವೇ ಹೆಚ್ಚು ಸರಿಯೆಂದು ನನಗೆ ತೋರುತ್ತದೆ. ಇಲ್ಲಿ ಸತ್ಯವು ಪಾಲಲ್ಲ, ಉಡುಪು.

ನ್ಯಾಯಶಾಸ್ತ್ರದಲ್ಲಿ ಛಲವೆಂಬುದೊಂದಿದೆ, ಅದನ್ನು ಇದರೊಡನೆ ಬೆರೆಸಬಾರದು. ಹುಡುಗನೊಬ್ಬನು ಹೊಸ ಕಂಬಳಿ ಹೊದ್ದು ಬಂದಾಗ ‘ನವಕಂಬಲ’ನೆಂದರೆ, ಎದುರಾಳಿಯು ‘ಎಲ್ಲಿ ಒಂಬತ್ತು ಕಂಬಳಿಗಳು?’ ಎಂದು ಕೇಳುವುದು ವಾಕ್ಛಲ. ಅಲ್ಲಿ ಕೇಳಿದವನು ಮಾತನ್ನು ತಿರುಚುತ್ತಾನೆ; ನುಡಿದವನು ಶುದ್ಧ. ನಮ್ಮ ಪ್ರಸ್ತುತದಲ್ಲಿ ಕೇಳಿದವನು ಶುದ್ಧ, ಎರಡು ಅರ್ಥಗಳನ್ನು ಸಿದ್ಧಮಾಡಿಟ್ಟುಕೊಂಡವನು ನುಡಿದವನೇ. ಛಲವನ್ನು ಸಭೆಯಲ್ಲಿ ಎತ್ತಿತೋರಿಸಿ ನಗಬಹುದು. ಇದನ್ನು ತೋರಿಸಿದರೂ ‘ನಾನೇನು ಸುಳ್ಳು ಹೇಳಿದೆನೆ?’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಲೋಕವ್ಯವಹಾರದಲ್ಲಿ ಇದಕ್ಕೆ ಬರವಿಲ್ಲ. ಹೆಣ್ಣಿನ ಕಡೆಯವರು ವಿಚಾರಿಸಿದಾಗ ‘ಹುಡುಗ ಬಿ.ಎ. ವರೆಗೆ ಓದಿದ್ದಾನೆ’ ಎನ್ನುತ್ತೇವೆ. ಆ ‘ವರೆಗೆ’ ಎಂಬ ಪದವು ನಮ್ಮ ಕುಂಜರ. ‘ಲಾಡುವಿಗೆ ತುಪ್ಪ ಹಾಕಿದ್ದೇವೆ’ ಎನ್ನುವ ಅಡಿಗೆಯವರು ಹಾಕಿರುವುದು ಒಂದು ಚಮಚವೂ ಆಗಿರಬಹುದು. ‘ನಿಮ್ಮ ವಿಷಯ ಅಧ್ಯಕ್ಷರ ಕಿವಿಗೆ ಹಾಕಿದ್ದೇನೆ’ ಎಂದವರು ಹಾಕಿದ್ದು ಸಭೆ ಮುಗಿದು ಎಲ್ಲರೂ ಚಪ್ಪಲಿ ಹುಡುಕುವ ಗದ್ದಲದಲ್ಲಿ. ಇವುಗಳಲ್ಲಿ ನಗಬೇಕಾದವೂ ಇವೆ, ಒಂದು ಹೆಣ್ಣಿನ ಬದುಕನ್ನೇ ತಿರುಗಿಸುವಂತಹವೂ ಇವೆ. ಆದರೆ ರಚನೆ ಒಂದೇ.

ಇಲ್ಲಿ ಭಕ್ತರಿಗೆ ಸಹಜವಾದ ಇನ್ನೊಂದು ಶಂಕೆ ಏಳುತ್ತದೆ. ಹಾಗಾದರೆ ದೋಷದೂರನಾದ ಶ್ರೀಹರಿಯೇ ಇದನ್ನು ಹೇಳಿಸಿದನಲ್ಲ? ನಮ್ಮ ಹಿರಿಯರ ಪ್ರವಚನಗಳಲ್ಲಿ ನಾನು ಕೇಳಿರುವ ಸಮಾಧಾನ ಇದು: ಭಗವಂತನು ಸಾಕ್ಷಾತ್ತಾಗಿ ಎದುರಿಗೆ ನಿಂತು ಆಜ್ಞಾಪಿಸಿದ ಮೇಲೆ ಅದನ್ನು ಪೂರ್ಣಮನಸ್ಸಿನಿಂದ ನಡೆಸುವುದೇ ಧರ್ಮ. ಯುಧಿಷ್ಠಿರನು ಆಜ್ಞೆಯನ್ನೂ ನಡೆಸಬೇಕು, ತನ್ನ ಸತ್ಯವಂತನೆಂಬ ಹೆಸರನ್ನೂ ಉಳಿಸಿಕೊಳ್ಳಬೇಕು ಎಂದು ಎರಡರ ನಡುವೆ ನಿಂತನು. ಆ ಮೆಲ್ಲನೆಯ ಪದವೇ ಅವನ ಅವಿಶ್ವಾಸದ ಗುರುತು. ಈ ಸಮಾಧಾನವನ್ನು ನಾನು ಒಪ್ಪುತ್ತೇನೆ. ಆದರೆ ಹುಡುಗನ ಓದಿನ ವಿಷಯ ಹೇಳುವಾಗ ನಮ್ಮೆದುರು ಆಜ್ಞಾಪಿಸಲು ಯಾರೂ ನಿಂತಿರುವುದಿಲ್ಲವೆಂಬುದನ್ನು ಮರೆತು ಈ ಸಮಾಧಾನವನ್ನು ಬಳಸುವವರನ್ನೂ ಕಂಡಿದ್ದೇನೆ.

ಶ್ರೀಕೃಷ್ಣನ ಅಭಿಪ್ರಾಯ ತಿಳಿಯಬೇಕಾದರೆ ಕರ್ಣಪರ್ವದಲ್ಲಿ ಅವನೇ ಅರ್ಜುನನಿಗೆ ಹೇಳಿದ ಕೌಶಿಕನ ಕಥೆಯನ್ನು ನೋಡಬೇಕು. ಕೌಶಿಕನು ಸತ್ಯವನ್ನೇ ಹೇಳುವೆನೆಂದು ವ್ರತ ತೊಟ್ಟ ತಪಸ್ವಿ. ಕಳ್ಳರಿಗೆ ಹೆದರಿದ ಜನರು ಅವನ ಬಳಿಯ ಕಾಡಿನಲ್ಲಿ ಅಡಗಿದರು. ಅಟ್ಟಿಸಿಕೊಂಡು ಬಂದ ಕಳ್ಳರು ದಾರಿಯನ್ನು ಕೇಳಿದಾಗ ಅವನು ಇದ್ದುದನ್ನು ಇದ್ದಂತೆ ಹೇಳಿದನು. ಜನರು ಸತ್ತರು, ಕೌಶಿಕನು ನರಕಕ್ಕೆ ಹೋದನು. ಮಾತನಾಡದೆಯೇ ಪಾರಾಗುವಂತಿದ್ದರೆ ಮೌನವೇ ಸರಿ. ಮೌನದಿಂದ ಸಂಶಯ ಹುಟ್ಟುವಂತಿದ್ದರೆ ಅಲ್ಲಿ ಸುಳ್ಳೇ ಮೇಲು ಎಂಬುದು ಭಗವಂತನ ನಿರ್ಣಯ. ಕೌಶಿಕನು ಕಂಡ ದಾರಿಯ ಪಕ್ಕದ ಇನ್ನೊಂದು ಕಾಲುದಾರಿಯನ್ನು ತೋರಿಸಿ ‘ಇಲ್ಲಿಯೂ ಜನರು ಹೋಗುವುದುಂಟು’ ಎನ್ನಬಹುದಿತ್ತಲ್ಲವೆ ಎಂದು ಕೇಳುವವರಿದ್ದಾರೆ. ಎನ್ನಬಹುದಿತ್ತು. ಆದರೆ ಅದರಿಂದ ಉಳಿಯುತ್ತಿದ್ದುದು ಜನರ ಪ್ರಾಣ, ಕೌಶಿಕನ ಸತ್ಯವಲ್ಲ. ಕಳ್ಳರಲ್ಲಿ ವಿಪರೀತಬೋಧವನ್ನು ಹುಟ್ಟಿಸುವುದೇ ಅಲ್ಲಿ ಧರ್ಮವಾಗಿದ್ದರೆ ಅದನ್ನು ಸುಳ್ಳೆಂದೇ ತಿಳಿದು ಮಾಡಬೇಕು.

ಇನ್ನು ವಾಮನಾವತಾರದ ಆಕ್ಷೇಪ. ಪುಟ್ಟ ವಟುವಾಗಿ ಬಂದು ತನ್ನ ಪಾದದಿಂದ ಮೂರು ಹೆಜ್ಜೆ ಭೂಮಿಯನ್ನು ಬೇಡಿ, ಬಳಿಕ ತ್ರಿವಿಕ್ರಮನಾಗಿ ಬೆಳೆದದ್ದು ಇದೇ ಜಾತಿಯ ಮಾತಲ್ಲವೆ ಎಂದು ಬಲಿಪಾಡ್ಯಮಿಯ ಸಮಯದಲ್ಲಿ ಕೆಲವರು ಕೇಳುತ್ತಾರೆ. ಶ್ರೀಮದ್ಭಾಗವತದ ಅಷ್ಟಮಸ್ಕಂಧವನ್ನು ಗಮನವಿಟ್ಟು ಓದಿದರೆ ಉತ್ತರ ಅಲ್ಲಿಯೇ ಇದೆ. ದಾನದ ನೀರು ಬೀಳುವ ಮೊದಲೇ ಶುಕ್ರಾಚಾರ್ಯರು ಬಲಿಗೆ ಎಲ್ಲವನ್ನೂ ಬಿಡಿಸಿ ಹೇಳಿದ್ದಾರೆ: ಬಂದಿರುವವನು ವಿಷ್ಣು, ಎರಡು ಹೆಜ್ಜೆಗಳಲ್ಲಿ ನಿನ್ನದೆಲ್ಲವೂ ಮುಗಿಯುತ್ತದೆ, ಮೂರನೆಯದಕ್ಕೆ ಸ್ಥಳವಿಲ್ಲ. ಜೀವನಕ್ಕೆ ಸಂಕಟ ಬಂದಾಗ ಆಡಿದ ಮಾತಿಗೆ ತಪ್ಪಿದರೂ ನಿಂದೆಯಿಲ್ಲವೆಂದೂ ದಾರಿ ತೋರಿಸಿದ್ದಾರೆ. ಬಲಿಯು ಅದೆಲ್ಲವನ್ನೂ ಕೇಳಿ, ತಿಳಿದು, ಪ್ರಹ್ಲಾದನ ಮೊಮ್ಮಗನಾದ ತಾನು ಮಾತಿಗೆ ತಪ್ಪಲಾರೆನೆಂದು ದಾನಮಾಡಿದನು. ಅವನಲ್ಲಿ ವಿಪರೀತಬೋಧವಿರಲಿಲ್ಲ. ದ್ರೋಣರ ಬಳಿ ಒಬ್ಬ ಶುಕ್ರಾಚಾರ್ಯರೂ ಇರಲಿಲ್ಲ.

ನನ್ನದೇ ಒಂದು ಸಂಗತಿಯನ್ನು ಹೇಳದೆ ಇದನ್ನು ಮುಗಿಸುವುದು ಸರಿಯಾಗಲಾರದು. ನಮ್ಮ ತಂದೆಯವರು ಬಹುಕಾಲ ದೇವರ ಪೂಜೆ ನಡೆಸಿದವರು. ಅವರು ಆಸ್ಪತ್ರೆಯಲ್ಲಿದ್ದಾಗ ವೈದ್ಯರು ನನ್ನನ್ನು ಹೊರಗೆ ಕರೆದು, ಇನ್ನು ಮಾಡುವಂತಹದೇನೂ ಉಳಿದಿಲ್ಲ, ಮನೆಗೆ ಕರೆದುಕೊಂಡು ಹೋಗಬಹುದು ಎಂದರು. ನಾನು ಒಳಗೆ ಬಂದು “ಮನೆಗೆ ಹೋಗಬಹುದಂತೆ, ಅಪ್ಪ” ಎಂದೆ. ವೈದ್ಯರು ಹೇಳಿದ ಮಾತೇ. ಒಂದು ಪದವನ್ನೂ ನಾನು ಸೇರಿಸಲಿಲ್ಲ. ಅವರ ಮುಖ ಅರಳಿತು. ಮನೆಗೆ ಬಂದ ವಾರದಲ್ಲಿ ನಮ್ಮ ತಾಯಿಯವರು, ಉಡುಪಿಗೆ ಹೋಗಿ ಕೃಷ್ಣನ ದರ್ಶನ ಮಾಡಿಸಿಕೊಂಡು ಬಾ ಎಂದು ನನಗೆ ಹೇಳಿದರು. ತಂದೆಯವರೇ ತಡೆದರು: “ಈಗೇಕೆ ಅವಸರ? ಮೈಯಲ್ಲಿ ಸ್ವಲ್ಪ ಶಕ್ತಿ ಬರಲಿ. ಹೇಗೂ ಜನವರಿಯಲ್ಲಿ ಪರ್ಯಾಯವಿದೆ, ಆಗಲೇ ಹೋಗೋಣ, ಎಲ್ಲವನ್ನೂ ನೋಡಿಕೊಂಡು ಬಂದ ಹಾಗಾಗುತ್ತದೆ.” ನಾನು ಪಕ್ಕದಲ್ಲಿಯೇ ಕುಳಿತಿದ್ದೆ. ಆಗಲೂ ಹೇಳಲಿಲ್ಲ. ದೀಪಾವಳಿಗೆ ಮೊದಲೇ ಅವರು ಹರಿಪಾದವನ್ನು ಸೇರಿದರು.

ದುಃಖವನ್ನು ತಪ್ಪಿಸಲೆಂದು ಹೇಳಿದೆನೆಂದು ನನಗೆ ನಾನೇ ಹಲವು ಸಲ ಸಮಾಧಾನ ಹೇಳಿಕೊಂಡಿದ್ದೇನೆ. ಅವರ ದುಃಖವೋ ನನ್ನ ಕಷ್ಟವೋ ಎಂಬುದು ಈಗಲೂ ಸ್ಪಷ್ಟವಿಲ್ಲ. ಸ್ಪಷ್ಟವಾಗಿರುವುದು ಇಷ್ಟು: ಅವರು ಕೌಶಿಕನ ಬಳಿ ಬಂದ ಕಳ್ಳರಾಗಿರಲಿಲ್ಲ. ತಮ್ಮ ದೇಹದ ವಿಷಯವನ್ನು ತಿಳಿಯುವ ಅಧಿಕಾರ ಅವರಿಗಿತ್ತು. ತಿಳಿದಿದ್ದರೆ ಆ ವಾರವೇ ಹೊರಡುತ್ತಿದ್ದರು. ಮಾತು ಕಿವಿಗೆ ಬಿದ್ದಲ್ಲಿಗೆ ನಿಲ್ಲುವುದಿಲ್ಲ. ಕೇಳಿದವರು ಅದರ ಮೇಲೆ ತಮ್ಮ ದಿನಗಳನ್ನು ಕಟ್ಟಿಕೊಳ್ಳುತ್ತಾರೆ.

ಧರ್ಮರಾಜನ ಮಾತಿನ ಕಥೆಯೂ ಕುರುಕ್ಷೇತ್ರದಲ್ಲಿ ಮುಗಿಯುವುದಿಲ್ಲ. ಅದು ಮುಗಿಯುವುದು ಭಾರತದ ಕೊನೆಯ ಪರ್ವದಲ್ಲಿ. ಸ್ವರ್ಗಕ್ಕೆ ಹೋದ ಯುಧಿಷ್ಠಿರನು ಅಲ್ಲಿ ದುರ್ಯೋಧನನನ್ನು ವೈಭವದಲ್ಲಿ ಕಂಡು, ತನ್ನವರೆಲ್ಲಿ ಎಂದು ಕೇಳುತ್ತಾನೆ. ದೇವದೂತನು ಅವನನ್ನು ಕತ್ತಲು ತುಂಬಿದ, ದುರ್ಗಂಧದ ದಾರಿಯಲ್ಲಿ ಕರೆದೊಯ್ಯುತ್ತಾನೆ. ಸಹಿಸಲಾರದೆ ಹಿಂತಿರುಗಬೇಕೆನ್ನುವಷ್ಟರಲ್ಲಿ ಸುತ್ತಲಿಂದ ದೀನವಾದ ಧ್ವನಿಗಳು ಕೇಳಿಬರುತ್ತವೆ. ಯಾರೆಂದು ಕೇಳಿದರೆ ಕರ್ಣನೆಂದೂ, ಭೀಮನೆಂದೂ, ಅರ್ಜುನನೆಂದೂ, ನಕುಲ ಸಹದೇವರೆಂದೂ, ದ್ರೌಪದಿಯೆಂದೂ ಉತ್ತರ ಬರುತ್ತದೆ. ಅವನು ದೂತನನ್ನು ಕಳುಹಿಸಿ, ತಾನು ಅಲ್ಲಿಯೇ ಇರುವೆನೆಂದು ನಿಲ್ಲುತ್ತಾನೆ.

ಒಂದು ಮುಹೂರ್ತದ ಅನಂತರ ದೇವತೆಗಳೊಡನೆ ಇಂದ್ರನು ಬರುತ್ತಾನೆ, ಕತ್ತಲೆ ಹರಿಯುತ್ತದೆ. ನೀನು ದ್ರೋಣನಿಗೆ ಮಗನ ವಿಷಯದಲ್ಲಿ ವ್ಯಾಜದಿಂದ ನಡೆದುಕೊಂಡೆ, ಆದುದರಿಂದ ನಿನಗೂ ವ್ಯಾಜದಿಂದಲೇ ನರಕವನ್ನು ತೋರಿಸಲಾಯಿತೆಂದು ಅವನು ಹೇಳುತ್ತಾನೆ. ಬಳಿಕ ಯಮಧರ್ಮನೂ, ನಿನ್ನ ತಮ್ಮಂದಿರು ನರಕದಲ್ಲಿ ಇರತಕ್ಕವರಲ್ಲ, ಇದು ಇಂದ್ರನು ಒಡ್ಡಿದ ಮಾಯೆಯೆಂದು ತಿಳಿಸುತ್ತಾನೆ. ಅವನ ಕಿವಿಗೆ ಬಿದ್ದ ಧ್ವನಿಗಳು ನಿಜವಾಗಿಯೂ ಬಿದ್ದಿದ್ದವು. ಅವುಗಳಿಂದ ತನ್ನವರಿಗೆ ಒದಗಿತೆಂದು ಅವನು ತಿಳಿದ ದುರ್ಗತಿ ಮಾತ್ರ ಇರಲಿಲ್ಲ. ಪ್ರಿಯರಾದವರ ವಿಷಯದಲ್ಲಿ ಹಾಗೆ ತಿಳಿದು ನಿಂತ ಆ ಒಂದು ಮುಹೂರ್ತವೇ ಅವನಿಗೆ ವಿಧಿಸಿದ ನರಕವಾಗಿತ್ತು.